ಈ ಸಲ ಬಾವಿ ಬೆಚ್ಚಗಿದೆ

ಡಿಸೆಂಬರ್ 9, ಮಂಗಳವಾರ

ಅಣ್ಣನ ಆಕ್ಸಿಜನ್ ಅರುವತ್ತೆಂಟಕ್ಕೆ ಇಳಿದಿದೆ ಎಂದು ಬೆಳಿಗ್ಗೆ ಆರೂವರೆಗೆ ಕಾಂಪೌಂಡ್ ಗೋಡೆಯ ಮೇಲಿಂದ ಕೂಗಿದೆ. ಪಕ್ಕದ ಮನೆಯ ಒಲಿಂಡಾ ಬಾಯಿ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನ ಚಪ್ಪಲಿ ಸಿಕ್ಕಿಸಿಕೊಂಡು ಓಡಿ ಬಂದರು. ಮೂವತ್ತೆಂಟು ವರ್ಷ ನರ್ಸ್ ಆಗಿದ್ದವರು. ಅವರು ನಿವೃತ್ತರಾದರೂ ಅವರ ಓಟ ನಿವೃತ್ತವಾಗಿಲ್ಲ. ಬಂದು ನೋಡಿದರೆ ಅಣ್ಣ ಜಗಲಿಯಲ್ಲಿ ಕೂತು ಹಲ್ಲುಜ್ಜುತ್ತಿದ್ದ.

ಒಪ್ಪಿಕೊಳ್ಳುತ್ತೇನೆ. ಆ ಬೆರಳು ನನ್ನದು. ಫ್ರಿಜ್ಜಿನ ಐಸಿನಲ್ಲಿ ಐದು ನಿಮಿಷ ಇಟ್ಟು, ಆಮೇಲೆ ಆಕ್ಸಿಮೀಟರಿನ ಬಾಯಿಗೆ ಕೊಟ್ಟೆ. ಬೆರಳು ತಣ್ಣಗಿದ್ದರೆ ಅದು ತಪ್ಪು ತೋರಿಸುತ್ತದೆ ಎಂದು ನಿನ್ನೆ ಒಲಿಂಡಾ ಬಾಯಿಯೇ ಹೇಳಿಕೊಟ್ಟದ್ದು. ಕಲಿಸಿದ ಗುರುವಿಗೇ ಪರೀಕ್ಷೆ ಇಟ್ಟೆ, ಅಷ್ಟೆ.

"ಭಟ್ರೇ, ನಿಮಗೆ ವಯಸ್ಸು ಎಪ್ಪತ್ತಮೂರು ಅಲ್ವಾ?"

"ಹೌದು ಬಾಯಿ. ತಿರುಗಿಸಿ ಓದಿದ್ರೆ ಮೂವತ್ತೇಳು."

"ಸಾಯ್ಬಾ, ದೇವರೇ! ನನ್ನ ಎದೆ ಅಲ್ಲೇ ನಿಂತಿದ್ರೆ ಈ ತಮಾಷೆಗೆ ಯಾರು ನಗ್ತಿದ್ರು?"

ಅಣ್ಣ ಮಾತ್ರ ನಕ್ಕ. ನಕ್ಕು, ಕೆಮ್ಮಿ, ಜಗಲಿಯ ಕಂಬ ಹಿಡಿದು ನಿಂತ. ಆಗ ನಾನು ನಗುವುದನ್ನು ನಿಲ್ಲಿಸಿದೆ.

ಅಕ್ಟೋಬರಿನಲ್ಲಿ ಅವನಿಗೆ ನ್ಯುಮೋನಿಯಾ. ಒಂಬತ್ತು ದಿನ ಅತ್ತಾವರದ ಆಸ್ಪತ್ರೆಯಲ್ಲಿದ್ದ. ಈಗ ಒಲಿಂಡಾ ಬಾಯಿ ಚಳಿಗಾಲದ ಕಾನೂನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಎದ್ದ ಕೂಡಲೇ ಒಂದು ಲೋಟ ಬೆಚ್ಚಗಿನ ನೀರು, ಉಪ್ಪುನೀರಿನಿಂದ ಗಂಟಲು ತೊಳೆಯುವುದು, ಬೆಳಿಗ್ಗೆ ಸಂಜೆ ಇನ್ಹೇಲರ್ ಪಂಪ್‌ನಿಂದ ಎರಡೆರಡು ಸಲ ಮದ್ದು ಎಳೆದುಕೊಳ್ಳುವುದು, ಮೂಡುಗಾಳಿಗೆ ಕಿವಿ ಕೊಡದಿರುವುದು, ಎಂಟರ ನಂತರ ಬಿಸಿಲಲ್ಲಿ ಕೂರುವುದು, ರಾತ್ರಿ ಏಳೂವರೆಯ ಮೊದಲು ಗಂಜಿ. ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಆಟಿಕೆ ಬೇರೆ ಉಂಟು, ಉಸಿರೆಳೆದು ಚೆಂಡು ಎತ್ತಬೇಕು. ಅಣ್ಣನಿಗೆ ಒಂದೂವರೆ ಚೆಂಡು ಏಳುತ್ತದೆ. ಕೊನೆಯ ಕಾನೂನಿನ ಅಡಿಗೆ ಕೆಂಪು ಗೆರೆ: ತಣ್ಣೀರು ಸ್ನಾನ ಇಲ್ಲ.

"ಮಫ್ಲರ್ ಹಾಕದವರಿಗೆ ಮಾಫಿಲ್ಲ" ಎಂದು ನಾನು ಒಂದು ಸಾಲು ಸೇರಿಸಿದೆ. ಅತ್ತಿಗೆ ಹೊಡೆದು ಹಾಕಿದರು.

ಡಿಸೆಂಬರ್ 14, ಆದಿತ್ಯವಾರ

ನಾಡಿದ್ದು ಧನು ಸಂಕ್ರಮಣ. ಮನೆಯಲ್ಲಿ ಯುದ್ಧ.

ಕುದ್ರೋಳಿಯ ನಮ್ಮ ಓಣಿಯ ಗೋಪಾಲಕೃಷ್ಣ ಗುಡಿಯಲ್ಲಿ ಧನುಮಾಸ ಇಡೀ ತಿಂಗಳು ಸೂರ್ಯ ಹುಟ್ಟುವ ಮೊದಲೇ ಪೂಜೆ. ಪೂಜೆಯಾದ ಮೇಲೆ ಶುಂಠಿ, ಕರಿಮೆಣಸು ಹಾಕಿದ ಬಿಸಿ ಹುಗ್ಗಿ. ಅಣ್ಣ ಹದಿನೆಂಟನೆಯ ವಯಸ್ಸಿನಿಂದ ಒಂದು ದಿನ ಬಿಡದೆ ಈ ಪೂಜೆ ಮಾಡುತ್ತಾ ಬಂದಿದ್ದಾನೆ. ನಾಲ್ಕೂಕಾಲಿಗೆ ಮನೆಯ ಹಿತ್ತಲಿನ ಬಾವಿಕಟ್ಟೆ, ಬೆಂಕಿ ಮುಟ್ಟದ ನೀರು ತಲೆಗೆ, ಒದ್ದೆ ಪಂಚೆಯಲ್ಲೇ ಗರ್ಭಗುಡಿ. ಈಗ ಅವನಿಗೆ ಎಪ್ಪತ್ತೊಂಬತ್ತು.

ಅಣ್ಣನ ಮಗ ಶ್ರೀನಂದನ ಅಳಕೆಯ ಫ್ಲ್ಯಾಟಿನಿಂದ ಬಂದಿದ್ದ. "ಅಪ್ಪ, ಈ ವರ್ಷ ನಾನು ಮಾಡ್ತೇನೆ. ಕಾಲೇಜಿನಲ್ಲಿ ಮೊದಲ ಪೀರಿಯಡ್ ಬಿಡಿಸಿಕೊಂಡಿದ್ದೇನೆ."

"ಮಾಡು. ನಾನು ಸತ್ತ ಮೇಲೆ ಮಾಡು."

"ಬಿಸಿನೀರಲ್ಲಾದ್ರೂ ಮೀಯಿರಿ" ಎಂದರು ಗಿರಿಜತ್ತಿಗೆ. "ದೇವರು ಎಂತ ಥರ್ಮಾಮೀಟರ್ ಹಿಡ್ಕೊಂಡು ಕೂತಿದ್ದಾನಾ?"

"ಬಿಸಿನೀರಲ್ಲಿ ಮಿಂದು ಒಳಗೆ ಹೋಗುವುದಾದ್ರೆ ನಾನು ಹೋಗುವುದೇ ಇಲ್ಲ ಗಿರಿಜಾ. ಇಲ್ಲೇ ಮಲಗ್ತೇನೆ. ಗೋಡೆ ನೋಡ್ಕೊಂಡು."

ಆಸ್ಪತ್ರೆಯಿಂದ ಬಂದ ಮೊದಲ ಹತ್ತು ದಿನ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಊಟ ಬೇಡ, ಮಾತು ಬೇಡ. ಧನುಮಾಸ ಬಂತಲ್ಲ ಎಂದು ಯಾರೋ ಹೇಳಿದ ಮೇಲೆಯೇ ಅವನು ಎದ್ದು ಕೂತದ್ದು. ಪೂಜೆಗೆ ಬಿಟ್ಟರೆ ತಣ್ಣೀರು ಕೊಲ್ಲುತ್ತದೆ, ಬಿಡದಿದ್ದರೆ ಗೋಡೆ ಕೊಲ್ಲುತ್ತದೆ.

"ಮಡಿ ಮಡಿ ಅಂತ ಮಡಿಯಬೇಡ ಮಾರಾಯ" ಎಂದೆ. ಇಂಥದ್ದಕ್ಕೆ ಯಾವಾಗಲೂ ನಗುವವನು ನಗಲಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಬಾವಿಯಿಂದ ಸೇದುವ ಶಕ್ತಿ ಅವನ ತೋಳಿನಲ್ಲಿ ಇಲ್ಲ, ಆದ್ದರಿಂದ ನಾನು ಸೇದಿ ತೊಟ್ಟಿ ತುಂಬಿಸುವುದು.

"ಹಾಗಾದ್ರೆ ನೀನೂ ಮೊದಲು ಮೀಯಬೇಕು" ಎಂದ ಅಣ್ಣ. "ಒಣ ಪಂಚೆಯಲ್ಲಿ ಸೇದಿದ ನೀರು ನನಗೆ ಆಗುವುದಿಲ್ಲ."

"ಆಯ್ತು" ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ನೌಕರಿಯಲ್ಲಿದ್ದಾಗಲೂ ಆರಕ್ಕೆ ಮೊದಲು ಎದ್ದವನಲ್ಲ ನಾನು. ಆದರೆ ನನ್ನ ತಲೆಯಲ್ಲಿ ಬೇರೊಂದು ಯೋಚನೆ ಆಗಲೇ ಮಿಂದು ತಯಾರಾಗಿ ಕೂತಿತ್ತು.

ಡಿಸೆಂಬರ್ 17, ಬುಧವಾರ

ಮೊದಲ ದಿನ. ಕೆಲಸ ಪಕ್ಕಾ.

ನನ್ನ ಕೋಣೆ ಹಿತ್ತಲ ಕಡೆ, ಪಕ್ಕದಲ್ಲೇ ಬಚ್ಚಲುಮನೆ, ಅದರಾಚೆ ಬಾವಿ. ಮೂರೂಕಾಲಿಗೆ ಎದ್ದು ಗೀಸರ್ ಹಾಕಿದೆ. ಅತ್ತಿಗೆ ನಾಲ್ಕಕ್ಕೆ ಹುಗ್ಗಿ ಬೇಯಿಸಲು ಗುಡಿಯ ಅಡುಗೆಕೋಣೆಗೆ ಹೋದರು. ಅವರ ಬೆನ್ನು ಕಂಡದ್ದೇ ತಡ, ಎರಡು ಬಕೆಟ್ ಬಿಸಿನೀರು ಬಾವಿಕಟ್ಟೆಯ ಕಲ್ಲಿನ ತೊಟ್ಟಿಗೆ. ಆಮೇಲೆ ನನ್ನ ತಲೆಗೆ ಒಂದು ಕೊಡ ತಣ್ಣೀರು, ಪ್ರಾಣ ಒಮ್ಮೆ ಹಂಪನಕಟ್ಟೆಯವರೆಗೆ ಹೋಗಿ ಬಂತು. ನಂತರ ಸೇದಿ ಐದು ಕೊಡ ಬಾವಿನೀರು ತೊಟ್ಟಿಗೆ. ಕೈ ಅದ್ದಿ ನೋಡಿದೆ, ಹಸುಗೂಸನ್ನು ಮೀಯಿಸಬಹುದಾದ ಹದ. ಮೇಲಿನಿಂದ ಹಲಗೆ ಮುಚ್ಚಿದೆ.

ನಿಯಮ ಏನು? ಬೆಂಕಿ ಮುಟ್ಟದ ನೀರು. ಗೀಸರಿನಲ್ಲಿ ಬೆಂಕಿ ಎಲ್ಲಿದೆ?

ಅಣ್ಣ ಬಂದ. ಹಲಗೆ ಸರಿಸಿ ಮೊದಲ ತಂಬಿಗೆ ಸುರಿದುಕೊಂಡವನು ಹಾಗೇ ನಿಂತ.

"ವಿಷ್ಣು, ಈ ಸಲ ಬಾವಿ ಬೆಚ್ಚಗಿದೆ."

"ಧನುವಿನಲ್ಲಿ ಬಾವಿನೀರು ಬೆಚ್ಚಗೇ ಇರ್ತದಲ್ಲ."

"ಹೌದು. ಆದ್ರೆ ಇಷ್ಟು ಇರ್ತಿರಲಿಲ್ಲ."

ಹೊರಗಿನ ಗಾಳಿ ತಣ್ಣಗಾದಷ್ಟೂ ಬಾವಿಯ ನೀರು ಬೆಚ್ಚಗೆ ಅನ್ನಿಸುವುದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವ ನಿಜ. ಆ ನಿಜದ ಮೇಲೆ ಎರಡು ಬಕೆಟ್ ಸುಳ್ಳು ಸುರಿದಿದ್ದೇನೆ, ಅಷ್ಟೆ. ಅವನು ಒದ್ದೆ ಪಂಚೆಯಲ್ಲಿ ಗುಡಿಗೆ ಹೋದ. ಕೆಮ್ಮಲಿಲ್ಲ. ಮಂಗಳಾರತಿಯ ಹೊತ್ತಿಗೆ ಅವನ ದನಿ ಓಣಿಯ ಕೊನೆಯವರೆಗೆ ಕೇಳಿಸಿತು.

ನನಗೆ ನಗು ಬರಬೇಕಿತ್ತು. ಕಣ್ಣಿನಲ್ಲಿ ನೀರು ಬಂತು. ತಣ್ಣೀರಿನದ್ದೇ ಇರಬೇಕು.

ಡಿಸೆಂಬರ್ 18, ಗುರುವಾರ

ಇವತ್ತೂ ಆಯಿತು. ಅಣ್ಣ ಎರಡೂಕಾಲು ಚೆಂಡು ಎತ್ತಿದ.

ಡಿಸೆಂಬರ್ 21, ಆದಿತ್ಯವಾರ

ಒಲಿಂಡಾ ಬಾಯಿಗೆ ಗುಟ್ಟು ಹೇಳಬೇಕಾಯಿತು. "ದೊಡ್ಡ ಭಟ್ರು ತಣ್ಣೀರು ಮೀಯ್ತಾರಾ?" ಎಂದು ದಿನಾ ಗೋಡೆಯಾಚೆಯಿಂದ ಪೊಲೀಸರ ಹಾಗೆ ಕೇಳುತ್ತಿದ್ದರು. ಕೇಳಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. ಆಮೇಲೆ ಗಂಭೀರವಾದರು.

"ಒಳ್ಳೆ ಕೆಲಸವೇ ಮಾಡಿದ್ರಿ. ಆದ್ರೆ ಸುಳ್ಳಿಗೂ ಒಂದು ಡೋಸ್ ಉಂಟು ಭಟ್ರೇ. ಜಾಸ್ತಿ ಆದ್ರೆ ಅದೂ ಮೈಗೆ ಹತ್ತುದಿಲ್ಲ."

"ಎರಡೇ ಬಕೆಟ್ ಬಾಯಿ, ದಿನಕ್ಕೊಂದು ಸಲ, ಖಾಲಿ ಹೊಟ್ಟೆಗೆ."

"ಮತ್ತೆ ನೀವು? ನೀವೂ ಬಿಸಿನೀರೇ ತಾನೇ?"

ಗೀಸರಿನಲ್ಲಿ ಇರುವುದೇ ಎರಡು ಬಕೆಟ್ ಎಂದೆ. ನಿಜ ಹೇಳಬೇಕೆಂದರೆ ಇವತ್ತು ಅರ್ಧ ಬಕೆಟ್ ಉಳಿದಿತ್ತು. ಸುರಿದುಕೊಳ್ಳಬಹುದಿತ್ತು. ಯಾಕೋ ಮನಸ್ಸಾಗಲಿಲ್ಲ. ಇಬ್ಬರಲ್ಲಿ ಒಬ್ಬನಾದರೂ ಸರಿಯಾಗಿ ಮಿಂದಿರಲಿ ಎನ್ನಿಸಿತು. ಹುಚ್ಚು.

ಸಂಜೆ ಅಣ್ಣನ ಜೊತೆ ನಾನೂ ಉಪ್ಪುನೀರಿನಲ್ಲಿ ಗಂಟಲು ತೊಳೆದೆ. ಒಬ್ಬನೇ ಮಾಡಿದರೆ ಅವನು ಅರ್ಧಕ್ಕೇ ಬಿಡುತ್ತಾನೆ. ಇಬ್ಬರೂ ಎದುರುಬದುರು ನಿಂತು ಗಳಗಳ ಮಾಡುವಾಗ ಯಾರದ್ದು ಹೆಚ್ಚು ಹೊತ್ತು ಎಂಬ ಪಂದ್ಯ. ಅವನೇ ಗೆದ್ದ.

ಡಿಸೆಂಬರ್ 25, ಗುರುವಾರ

ಒಲಿಂಡಾ ಬಾಯಿ ಕ್ರಿಸ್ಮಸ್ಸಿನ ತಿಂಡಿ, ಕುಸ್ವಾರ್ ತಂದುಕೊಟ್ಟರು. ಎಳ್ಳುಂಡೆಯನ್ನು ಅಣ್ಣನಿಗೆಂದು ಬೇರೆಯೇ ಕಟ್ಟಿದ್ದರು, ಎಳ್ಳು ಬೆಲ್ಲ ಚಳಿಗೆ ಒಳ್ಳೆಯದು ಎಂದು. ಅಣ್ಣ ಎರಡು ತಿಂದ.

ಅವನ ಬಣ್ಣ ಬಂದಿದೆ. ಗುಡಿಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತುತ್ತಾನೆ. ಪೂಜೆಗೆ ಬರುವ ಮುದುಕಿಯರೊಡನೆ ಮಾತಾಡುವುದು ಕೇಳಿಸಿತು. "ನಮ್ಮ ಬಾವಿ ನೀರು ಈ ವರ್ಷ ಕೈಗೆ ತಾಯಿಯ ಮಡಿಲ ಹಾಗೆ ಸಿಗ್ತದೆ. ನನ್ನ ಸ್ಥಿತಿ ಅವನಿಗೆ ಗೊತ್ತುಂಟು" ಎಂದು ಗರ್ಭಗುಡಿಯ ಕಡೆ ಕೈ ತೋರಿಸಿದ.

ನಾನು ಹುಗ್ಗಿಯ ಎಲೆ ಹಿಡಿದುಕೊಂಡು ಹೊರಗೆ ಬಂದೆ. ಹಂಪನಕಟ್ಟೆಯ ಹೋಟೆಲಿನ ಬೆಂಚಿನ ಗೆಳೆಯರಿಗೆ ಈ ಕಥೆಯನ್ನು ಹೇಳಿದರೆ ಒಂದು ವರ್ಷ ನಗುತ್ತಾರೆ. ಒಂದು ವಾರದಿಂದ ಆ ಕಡೆ ಹೋಗಿಲ್ಲ. ಒಂಬತ್ತಕ್ಕೆ ನಿದ್ದೆ ಬಂದುಬಿಡುತ್ತದೆ.

ಡಿಸೆಂಬರ್ 28, ಆದಿತ್ಯವಾರ

ಪಂಪಿನ ಹಿಂಬದಿಯಲ್ಲಿ ಎಷ್ಟು ಸಲದ ಮದ್ದು ಉಳಿದಿದೆ ಎಂದು ತೋರಿಸುವ ಒಂದು ಸಣ್ಣ ಕಿಟಕಿ ಇದೆ. ಒಲಿಂಡಾ ಬಾಯಿ ಬಂದವರು ಅದನ್ನು ಬೆಳಕಿಗೆ ಹಿಡಿದರು.

"ಬುಧವಾರ ತೊಂಬತ್ತಾರು. ಇವತ್ತೂ ತೊಂಬತ್ತಾರು. ದೊಡ್ಡ ಭಟ್ರೇ, ಇದು ಎಂತ?"

ಅಣ್ಣ ಅಡಗಿಸುವವನಲ್ಲ. "ಬಿಟ್ಟಿದ್ದೇನೆ."

"ಯಾಕೆ?"

"ನೀರನ್ನೇ ಬಿಸಿ ಮಾಡಿ ಕೊಡುವವ ಉಸಿರು ಕೊಡುದಿಲ್ವಾ ಬಾಯಿ? ಎರಡೆರಡು ಕಡೆ ಕೈ ಚಾಚಿದ್ರೆ ಅವನಿಗೆ ಅವಮಾನ."

ಒಲಿಂಡಾ ಬಾಯಿ ನನ್ನನ್ನು ನೋಡಿದರು. ನಾನು ಎಳ್ಳುಂಡೆಯ ಡಬ್ಬಿ ನೋಡಿದೆ.

ಹೊರಗೆ ಬಂದು ಗೋಡೆಯ ಹತ್ತಿರ ನಿಲ್ಲಿಸಿ ಹೇಳಿದರು. ಈಗ ಕಾಣುವ ಉಷಾರೆಲ್ಲ ಇಲ್ಲಿಯವರೆಗೆ ತೆಗೆದುಕೊಂಡ ಪಂಪಿನದ್ದು. ಬಿಟ್ಟರೆ ಶ್ವಾಸಕೋಶದ ನಾಳ ಮೆಲ್ಲಗೆ ಬಿಗಿಯುತ್ತಾ ಬರುತ್ತದೆ, ಹತ್ತು ದಿನವೋ ಹದಿನೈದೋ, ಆಮೇಲೆ ಒಂದೇ ಸಲ ಬೀಳುತ್ತದೆ. "ನಿಮ್ಮ ಬಾವಿಯನ್ನು ನೀವೇ ತಣ್ಣಗೆ ಮಾಡಬೇಕು ಭಟ್ರೇ. ಬಾಯಿಂದ. ಹೇಳಿಬಿಡಿ."

ಹೇಳಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಹನ್ನೆರಡು ದಿನ ಅವನು ತನ್ನ ಲೆಕ್ಕದಲ್ಲಿ ಮಡಿಯಿಲ್ಲದೆ ದೇವರನ್ನು ಮುಟ್ಟಿದ್ದಾನೆ. ಅರುವತ್ತೊಂದು ವರ್ಷದಲ್ಲಿ ಆಗದ್ದು. ಮಾಡಿಸಿದವನು ನಾನು.

ಡಿಸೆಂಬರ್ 29, ಸೋಮವಾರ

ಹೇಳಲಿಲ್ಲ. ಬೆಳಿಗ್ಗೆ ಅಣ್ಣನ ಮೂರು ಮಾತಿನ ನಡುವೆ ಕೆಮ್ಮು ಬಂತು.

ಡಿಸೆಂಬರ್ 31, ಬುಧವಾರ

ಹೇಳಿದೆ.

ಜಗಲಿಯ ಬಿಸಿಲಿನಲ್ಲಿ ಕೂತಿದ್ದ. ಅತ್ತಿಗೆ ಅವನ ಅಂಗಾಲಿಗೆ ತೆಂಗಿನೆಣ್ಣೆ ಹಚ್ಚಿ ಒಳಗೆ ಹೋಗಿದ್ದರು. ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿತ್ತು, ಅದನ್ನು ಬಿಸಿಲಿಗೆ ಇಟ್ಟು ಕರಗುವುದನ್ನೇ ನೋಡುತ್ತಾ ಹೇಳಿದೆ. ಗೀಸರ್, ಎರಡು ಬಕೆಟ್, ತೊಟ್ಟಿ, ಹಲಗೆ, ಎಲ್ಲ. ಅವನ ಮುಖ ನೋಡಲಿಲ್ಲ.

ಅವನು ನಗತೊಡಗಿದ.

"ಅಂಚಾ, ಹೌದಾ? ಒಲಿಂಡಾ ಬಾಯಿ ಹೇಳಿಕೊಟ್ಟದ್ದಾ, ಗಿರಿಜಳಾ?"

"ಯಾರೂ ಅಲ್ಲ ಅಣ್ಣ. ನಿಜ."

"ನೌಕರಿಯಲ್ಲಿದ್ದಾಗ, ಬಾವಿಗೆ ಮೀಟರ್ ಹಾಕ್ತಾರೆ ಅಂತ ನಿನ್ನ ಆಫೀಸಿನ ಕಾಗದದಲ್ಲಿ ನೋಟೀಸು ಕಳಿಸಿದವ ನೀನು. ನಾನು ಒದ್ದೆ ಪಂಚೆಯಲ್ಲಿ ಆಫೀಸಿಗೆ ಓಡಿ, ಅಲ್ಲಿದ್ದವರೆಲ್ಲ ನಕ್ಕು, ನೆನಪುಂಟಾ? ಇದೂ ಅದೇ. ಅಣ್ಣ ಪಂಪ್ ಹಿಡೀಲಿ ಅಂತ ನಿನ್ನ ಒಂದು ಹೊಸ ನೋಟೀಸು."

"ನಾಳೆ ನೀನೇ ಮೂರೂವರೆಗೆ ಎದ್ದು ಬಾ. ಬಂದು ನೋಡು."

"ನೋಡುದಿಲ್ಲ. ಅದು ನೋಡಿ ಪರೀಕ್ಷೆ ಮಾಡುವಂಥದ್ದಲ್ಲ."

"ದೇವರ ಮೇಲೆ ಕೈ ಇಟ್ಟು ಹೇಳ್ತೇನೆ ಮಾರಾಯ!"

ಅವನ ನಗು ನಿಂತಿತು. "ದೇವರ ಮೇಲೆ ಕೈ ಇಡುವವ ಈ ಮನೆಯಲ್ಲಿ ನಾನೊಬ್ಬನೇ. ನಿನ್ನ ಬಾಯಲ್ಲಿ ಎಪ್ಪತ್ತಮೂರು ವರ್ಷದಲ್ಲಿ ಒಂದು ನಿಜ ಬಂದಿದ್ರೆ ನನಗೆ ಅದರ ದನಿ ಗುರುತಾಗ್ತಿತ್ತು. ಹೋಗು, ನಿನ್ನ ಕೆಲಸ ನೋಡ್ಕೋ."

ಎದ್ದು ಬಂದೆ. ಇಷ್ಟು ವರ್ಷ ಅವನು ಏನೆಂದರೂ ತಾಗುತ್ತಿರಲಿಲ್ಲ. ಇವತ್ತಿನದ್ದು ತಾಗಿತು.

ಜನವರಿ 1, ಗುರುವಾರ

ಎರಡು ಬಕೆಟ್. ಐದು ಕೊಡ. ಮಾತಿಲ್ಲ.

ಜನವರಿ 2, ಶುಕ್ರವಾರ

ಇವತ್ತು ನನಗೆ ಎಚ್ಚರವಾಗಲಿಲ್ಲ. ಅಲಾರಾಂ ಕೂಗಿತೋ ಇಲ್ಲವೋ ಗೊತ್ತಿಲ್ಲ. ಐದೂಮುಕ್ಕಾಲಿಗೆ, ಪೂಜೆಗೆ ಬಂದಿದ್ದ ಶ್ರೀನಂದನ ಬಾಗಿಲು ಬಡಿದಾಗಲೇ ಎದ್ದದ್ದು.

ಅಣ್ಣ ತಾನೇ ನೀರು ಸೇದಿ ಮಿಂದು ಗುಡಿಗೆ ಹೋಗಿದ್ದಾನೆ. ಪೂಜೆ ಮಾಡಿದ್ದಾನೆ. ಮಂಗಳಾರತಿ ಎತ್ತುವ ಹೊತ್ತಿಗೆ ಗಂಟೆಯ ಸದ್ದು ನಿಂತಿತಂತೆ. ಶ್ರೀನಂದನ ಒಳಗೆ ನೋಡಿದರೆ ಗಂಟೆ ಹಿಡಿದುಕೊಂಡೇ ನೆಲದಲ್ಲಿ ಕೂತಿದ್ದಾನೆ. ತುಟಿ ನೀಲಿ. ಉಸಿರು ಒಳಗೆ ಹೋಗುವುದು ಕಾಣುತ್ತದೆ, ಹೊರಗೆ ಬರುವುದು ಕಾಣುವುದಿಲ್ಲ.

ಮೂಲೆಮನೆಯ ಜಾಬಿರ್ ಮಸೀದಿಯಿಂದ ಬರುತ್ತಿದ್ದವನು ಕಾರು ತಿರುಗಿಸಿ ನಿಲ್ಲಿಸಿದ. "ಕೂರಿಸಿ ಭಟ್ರೇ, ಮಲಗಿಸುದು ಬೇಡ, ಕೂತ್ರೆ ಉಸಿರು ಬರ್ತದೆ" ಎಂದ. ಅವನ ತಾಯಿಗೂ ಇದೇ ಕಾಯಿಲೆಯಂತೆ. ಒಲಿಂಡಾ ಬಾಯಿ ಮುಂದಿನ ಸೀಟಿನಿಂದ ತಿರುಗಿ ಅಣ್ಣನ ಬಾಯಿಗೆ ಪಂಪ್ ಹಿಡಿದರು. ಅತ್ತಾವರ ತಲುಪುವವರೆಗೆ ಅಣ್ಣನ ಒದ್ದೆ ಪಂಚೆಯ ನೀರು ನನ್ನ ತೊಡೆಗೆ ಇಳಿಯುತ್ತಿತ್ತು. ಅದು ತುಂಬ ತಣ್ಣಗಿತ್ತು.

ಈಗ ಐಸಿಯುನಲ್ಲಿದ್ದಾನೆ.

ಜನವರಿ 3, ಶನಿವಾರ

ಮುಖಕ್ಕೆ ಮಾಸ್ಕ್ ಕಟ್ಟಿದ್ದಾರೆ. ಗಾಜಿನಿಂದ ನೋಡಿದೆ.

ಬೆಳಿಗ್ಗೆ ಶ್ರೀನಂದನನಿಗೆ ನೀರು ಸೇದಿಕೊಟ್ಟೆ. ಅವನು ಕೇಳಿರಲಿಲ್ಲ. "ಚಿಕ್ಕಪ್ಪ, ನಾನೇ ಸೇದ್ತೇನೆ, ನೀವು ಮಲಗಿ" ಎಂದ. ಮಲಗುವುದು ಬೇಡ ಎಂದೆ.

ಜನವರಿ 6, ಮಂಗಳವಾರ

ವಾರ್ಡಿಗೆ ಹಾಕಿದರು. ಗಂಡಾಂತರ ಕಳೆಯಿತು ಎಂದರು ಡಾಕ್ಟರು. ಕೈ ಮುಗಿದೆ. ಅವರಿಗೋ, ಅವರ ಹಿಂದಿನ ಗೋಡೆಗೋ ಗೊತ್ತಿಲ್ಲ.

ಇನ್ನು ಮುಂದೆ ಸೂರ್ಯ ಹುಟ್ಟುವ ಮೊದಲು ಹೊರಗೆ ಬರುವಂತಿಲ್ಲ, ಧೂಪದ ಹೊಗೆ ಇರುವಲ್ಲಿ ಕೂರುವಂತಿಲ್ಲ. ಅಂದರೆ ಪೂಜೆ ಮುಗಿಯಿತು. ಅಣ್ಣ ಕೇಳಿಸಿಕೊಂಡು ತಲೆ ಆಡಿಸಿದ. ವಾದ ಮಾಡಲಿಲ್ಲ. ನರ್ಸ್ ಪಂಪ್ ತಂದಾಗ ಮಗುವಿನ ಹಾಗೆ ಬಾಯಿ ತೆರೆದ.

ಬಸ್ಸಿಗೆ ಕಾಯುವಾಗ ಒಲಿಂಡಾ ಬಾಯಿ ನನ್ನ ತೋಳು ಹಿಡಿದರು. "ನಿಮ್ಮ ತಪ್ಪಲ್ಲ ಭಟ್ರೇ. ಎಪ್ಪತ್ತಮೂರು ವರ್ಷದ ದೇಹ. ಹದಿನಾರು ದಿನ ಎದ್ದದ್ದೇ ದೊಡ್ಡದು. ಒಂದು ದಿನ ನಿದ್ದೆ ಬಿತ್ತು. ಯಾರಿಗೂ ಬೀಳ್ತದೆ."

ಬಸ್ಸು ಬಂತು. ಹತ್ತಲಿಲ್ಲ. ಕುದ್ರೋಳಿಯವರೆಗೆ ನಡೆದೆ.

ಜನವರಿ 11, ಆದಿತ್ಯವಾರ

ಅಣ್ಣ ಮನೆಗೆ ಬಂದ. ಐದು ಕಿಲೋ ಇಳಿದಿದ್ದಾನೆ. ಮಂಕಿ ಕ್ಯಾಪಿನೊಳಗೆ ಮುಖ ಹುಡುಕಬೇಕು.

ಅವನಿಗೆ ನೀರು ಕಾಯಿಸಿದೆ, ಮುಚ್ಚಿಡದೆ, ಎಲ್ಲರ ಎದುರಿಗೆ. ಬಚ್ಚಲುಮನೆಯಲ್ಲಿ ಬಿಸಿನೀರಿನಲ್ಲಿ ಮಿಂದ. ಬೆನ್ನು ಉಜ್ಜಿದೆ. ಪಕ್ಕೆಲುಬು ಬೆರಳಿಗೆ ಒಂದೊಂದಾಗಿ ಸಿಗುತ್ತದೆ.

ರಾತ್ರಿಯ ಗಂಜಿ ಬಡಿಸುವಾಗ ಅತ್ತಿಗೆ ಕೇಳಿದರು. "ವಿಷ್ಣು, ನೀವು ಹತ್ತು ದಿನದಿಂದ ಒಂದೂ ತಮಾಷೆ ಮಾಡ್ಲಿಲ್ಲ. ಉಷಾರಿದ್ದೀರಾ?"

ಗಂಟಲು ಸರಿ ಇಲ್ಲ ಎಂದೆ. ಅದು ಹೌದು ಕೂಡ. ಉಪ್ಪುನೀರು ಹಾಕುತ್ತಿದ್ದೇನೆ, ಕಷಾಯ ಕುಡಿಯುತ್ತಿದ್ದೇನೆ, ಕಿವಿಗೆ ಅಣ್ಣನ ಹಳೆಯ ಮಫ್ಲರ್ ಸುತ್ತಿದ್ದೇನೆ. ಬೆಳಗಿನ ಸ್ನಾನ ಮಾತ್ರ ಬಾವಿಯ ತಣ್ಣೀರಿನಲ್ಲೇ. ಬಿಡಲಿಕ್ಕೆ ಆಗುತ್ತಿಲ್ಲ.

ಜನವರಿ 14, ಬುಧವಾರ

ಮಕರ ಸಂಕ್ರಮಣ. ಧನುಮಾಸ ಮುಗಿಯಿತು. ಕೊನೆಯ ಪೂಜೆ ಶ್ರೀನಂದನ ಮಾಡಿದ. ಮಂತ್ರ ಸ್ಪಷ್ಟ, ದನಿ ಸಣ್ಣದು. ಅಣ್ಣ ಮನೆಯಲ್ಲೇ ಕಿಟಕಿಯ ಹತ್ತಿರ ಕೂತು ಗಂಟೆಯ ಸದ್ದಿಗೆ ಕಿವಿ ಕೊಟ್ಟಿದ್ದ. ಹುಗ್ಗಿ ತಂದುಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ತಿಂದ. ಗೋಡೆಯ ಕಡೆ ತಿರುಗಿ ಮಲಗುತ್ತಾನೆಂದು ಹೆದರಿದ್ದೆ. ಮಲಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡುತ್ತಿದ್ದಾನೆ. ಯೋಚಿಸುತ್ತಿದ್ದಾನೆ.

ಜನವರಿ 16, ಶುಕ್ರವಾರ

ಎಂಟೂವರೆಯ ಬಿಸಿಲು. ಜಗಲಿಯಲ್ಲಿ ಇಬ್ಬರೇ. ಪಂಪನ್ನು ತಾನೇ ತೆಗೆದುಕೊಂಡು, ಬಾಯಿ ಮುಕ್ಕಳಿಸಿ, ಮೂರು ಚೆಂಡಿನ ಆಟಿಕೆಯನ್ನು ಬದಿಗಿಟ್ಟು ಕೇಳಿದ.

"ವಿಷ್ಣು, ಹದಿನಾರು ದಿನ ಬೆಚ್ಚಗೆ ಕೊಟ್ಟವನು ಹದಿನೇಳನೇ ದಿನ ಯಾಕೆ ತಣ್ಣಗೆ ಕೊಟ್ಟ?"

"ಅಣ್ಣ, ನಾನು ಅವತ್ತೇ ಹೇಳಿದ್ದೇನೆ. ಗೀಸರಿನ ನೀರು ಅದು. ನಾನು ಹಾಕ್ತಿದ್ದದ್ದು."

ಅವನು ಸಿಟ್ಟಾಗಲಿಲ್ಲ. ನನ್ನ ಮೊಣಕಾಲ ಮೇಲೆ ಕೈ ಇಟ್ಟ. "ನನ್ನ ಸಮಾಧಾನಕ್ಕೆ ಹೇಳ್ತಿದ್ದಿ. ಗೊತ್ತುಂಟು. ನೀನು ಒಳ್ಳೆಯವನೇ."

ಮಂಕಿ ಕ್ಯಾಪನ್ನು ಕಿವಿಯ ಮೇಲೆ ಎಳೆದುಕೊಂಡ.

"ತುಂಬ ಹುಡುಕಿದೆ ಮಾರಾಯ. ಮಂತ್ರದಲ್ಲಿ ಎಲ್ಲಾದ್ರೂ ತಪ್ಪಿದ್ನಾ? ಇಲ್ಲ. ನೈವೇದ್ಯದಲ್ಲಿ? ಇಲ್ಲ. ಗಿರಿಜಳಿಗೆ ಜೋರು ಮಾಡಿದ್ನಾ? ಅದು ಯಾವಾಗಲೂ ಉಂಟು. ಆಮೇಲೆ ಗೊತ್ತಾಯ್ತು. ನಿನಗೆ ಅಂದೆನಲ್ಲ, ಎಪ್ಪತ್ತಮೂರು ವರ್ಷದಲ್ಲಿ ಒಂದು ನಿಜ ಇಲ್ಲ ಅಂತ. ಬೆಳಿಗ್ಗೆ ಬೆಳಿಗ್ಗೆ ಎದ್ದು, ಮಿಂದು, ನನಗೋಸ್ಕರ ಸೇದಿ ಕೊಡುವ ತಮ್ಮನಿಗೆ. ಅದೇ. ಅದಕ್ಕೇ ಬಾವಿ ತಣ್ಣಗಾದದ್ದು. ನನ್ನದು ತಪ್ಪಾಯ್ತು ವಿಷ್ಣು."

ಅಣ್ಣ ನನ್ನೆದುರು ಕೈ ಜೋಡಿಸಿದ. ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ. ಎದ್ದು ಬಂದು ಈ ಪುಸ್ತಕ ತೆಗೆದೆ.

ಜನವರಿ ಎರಡರ ಪುಟದಲ್ಲಿ ಬರೆದದ್ದು ಸುಳ್ಳು. ಅವತ್ತು ಮೂರೂಕಾಲಿಗೇ ನನಗೆ ಎಚ್ಚರವಾಗಿತ್ತು. ಅಲಾರಾಂ ಕೂಗುವ ಮೊದಲೇ ಅದರ ಬಾಯಿ ಮುಚ್ಚಿದೆ. ಗೀಸರಿನ ಸ್ವಿಚ್ಚಿಗೆ ಹಾಸಿಗೆಯಿಂದ ಹತ್ತು ಹೆಜ್ಜೆ. ಏಳಲಿಲ್ಲ. ನಾಲ್ಕೂಕಾಲಿಗೆ ಅವನು ಹೊರಗಿನಿಂದ ಎರಡು ಸಲ ನನ್ನ ಹೆಸರು ಕರೆದ. ಉತ್ತರ ಕೊಡಲಿಲ್ಲ. ಆಮೇಲೆ ಬಾವಿಯ ರಾಟೆ ಕಿರುಗುಟ್ಟಿತು. ಎಳೆದ, ನಿಂತ, ಕೆಮ್ಮಿದ, ಮತ್ತೆ ಎಳೆದ. ಏಳು ಕೊಡ. ಹೊದಿಕೆಯೊಳಗೆ ಮಲಗಿ ಒಂದೊಂದನ್ನೂ ಎಣಿಸಿದ್ದೇನೆ. ಅವನು ಪಂಪ್ ಹಿಡಿಯಲಿ ಎಂದು ಹಾಗೆ ಮಾಡಿದ್ದಲ್ಲ. ನಾನು ಹೇಳಿದ್ದು ನಿಜ ಎಂದು ಅವನಿಗೆ ಗೊತ್ತಾಗಲಿ ಎಂದು ಮಾಡಿದ್ದು.